ಕೃಪೆ ರಿಯಾಯಿತಿ ಅಲ್ಲ

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ, ಒಂಟಿಕೊಪ್ಪಲ್, ಮೈಸೂರು
ವಾಕ್ಯಭಾಗ: ಇಬ್ರಿಯರಿಗೆ 10:26-31

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಈಗ ತಾನೇ ಓದಿದ ವಾಕ್ಯ ಕೇಳಿದ್ರಿ. ಕೇಳ್ತಾ ಇದ್ದ ಹಾಗೆ ಸಭೆಯಲ್ಲಿ ಒಂದು ಮೌನ ಬಂತು, ನಾನು ಗಮನಿಸಿದೆ. ಇದು ಯಾರೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋ ವಾಕ್ಯ ಅಲ್ಲ. ಹೊಸ ವರ್ಷದ ರಾತ್ರಿ ನಾವು ಎತ್ತಿಕೊಳ್ಳೋ ವಾಗ್ದಾನದ ಕಾರ್ಡಿನಲ್ಲೂ ಇದು ಬರೋದಿಲ್ಲ. ಸತ್ಯ ಏನು ಅಂತ ಚೆನ್ನಾಗಿ ತಿಳಿದ ಮೇಲೂ ಒಬ್ಬನು ಬೇಕೆಂದೇ ಪಾಪದಲ್ಲಿ ಮುಂದುವರಿದರೆ, ಅವನಿಗಾಗಿ ಇನ್ನೊಂದು ಯಜ್ಞ ಉಳಿದಿಲ್ಲ, ಅವನ ಮುಂದೆ ಇರೋದು ನ್ಯಾಯತೀರ್ಪು ಮಾತ್ರ ಎಂದು ಈ ಭಾಗ ಹೇಳುತ್ತೆ. ಕಠಿಣವಾದ ಮಾತು. ಆದರೆ ಇದೂ ದೇವರ ವಾಕ್ಯವೇ. ಸಿಹಿಯಾದ ವಚನಗಳನ್ನು ಮಾತ್ರ ಆರಿಸಿಕೊಟ್ಟು, ಈ ವಚನವನ್ನು ನಿಮ್ಮಿಂದ ಮುಚ್ಚಿಟ್ಟರೆ ನಾನು ನಿಮ್ಮ ಸೇವಕ ಆಗೋದಿಲ್ಲ.

ನಿಮಗೆಲ್ಲ ಗೊತ್ತಿರೋ ಒಂದು ವಿಷಯದಿಂದ ಶುರು ಮಾಡ್ತೀನಿ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ, ಬಾಕಿ ಇರೋ ಟ್ರಾಫಿಕ್ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಕೊಟ್ಟಿತ್ತು. ನೆನಪಿದೆಯಾ? ಫೆಬ್ರವರಿ 11 ಕೊನೇ ದಿನ. ಹೆಲ್ಮೆಟ್ ಇಲ್ಲ ಅಂತ 500 ರೂಪಾಯಿ ದಂಡ ಇದ್ದರೆ 250 ಕಟ್ಟಿದರೆ ಸಾಕು. ಜನ ಮುಗಿಬಿದ್ದರು. ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ವಸೂಲಾಯ್ತು. ಆಮೇಲೆ ಮಾರ್ಚ್‌ನಲ್ಲಿ ಮತ್ತೆ ಅವಕಾಶ ಕೊಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಂದು ಸಲ ಕೊಟ್ಟರು. ಸರ್ಕಾರ ಜನರಿಗೆ ಅನುಕೂಲ ಮಾಡಿಕೊಡ್ತು, ಅದರಲ್ಲಿ ತಪ್ಪೇನೂ ಇಲ್ಲ. ಕಷ್ಟದಲ್ಲಿರೋ ಎಷ್ಟೋ ಆಟೋದವರಿಗೆ, ಡೆಲಿವರಿ ಮಾಡೋ ಹುಡುಗರಿಗೆ ಅದು ದೊಡ್ಡ ಉಪಕಾರ.

ಆದರೆ ನಮ್ಮಲ್ಲಿ ಕೆಲವರು ಅದರಿಂದ ಏನು ಕಲಿತರು? "ಈಗ ಯಾಕೆ ಕಟ್ಟಬೇಕು, ಮತ್ತೆ ಬಿಡ್ತಾರೆ" ಅನ್ನೋದನ್ನ ಕಲಿತರು. ಮೊಬೈಲ್‌ಗೆ ಮೆಸೇಜ್ ಬರುತ್ತೆ, ಫೋಟೋ ಬರುತ್ತೆ, ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುತ್ತೆ. ನೋಡ್ತೀವಿ, ಪಕ್ಕಕ್ಕೆ ತಳ್ತೀವಿ. ಗಾಡಿ ಏನೂ ನಿಲ್ಲೋದಿಲ್ಲ. ಮಾರನೇ ದಿನ ಸೆಲ್ಫ್ ಒತ್ತಿದರೆ ಸ್ಟಾರ್ಟ್ ಆಗುತ್ತೆ. ಕೆ.ಆರ್.ಎಸ್. ರಸ್ತೆಯಲ್ಲಿ ಎಂದಿನ ಹಾಗೇ ಓಡುತ್ತೆ. ಏನೂ ಆಗಲಿಲ್ಲ ಅನ್ಸುತ್ತೆ. ಆದರೆ ಲೆಕ್ಕ ಮಾತ್ರ ಬೆಳೀತಾ ಇರುತ್ತೆ. ಗಾಡಿ ಮಾರೋಕೆ ಹೋದ ದಿನ, ಇಲ್ಲ ಯಾವುದೋ ಸರ್ಕಲ್‌ನಲ್ಲಿ ಪೊಲೀಸಿನವರು ಕೈ ಅಡ್ಡ ಹಾಕಿದ ದಿನ, ಪೂರ್ತಿ ಪಟ್ಟಿ ಹೊರಗೆ ಬರುತ್ತೆ.

ಪ್ರಿಯರೇ, ನಮ್ಮಲ್ಲಿ ಅನೇಕರು ದೇವರ ಕೃಪೆಯನ್ನ ಹೀಗೇ ಅರ್ಥ ಮಾಡ್ಕೊಂಡಿದ್ದೀವಿ. ಶನಿವಾರ ರಾತ್ರಿ ಮಾಡೋ ಪಾಪಕ್ಕೆ ಭಾನುವಾರ ಬೆಳಿಗ್ಗೆಯ ಅರಿಕೆಯನ್ನ ಮುಂಚೆನೇ ಬುಕ್ ಮಾಡಿ ಇಟ್ಟಿರ್ತೀವಿ. "ದೇವರು ಒಳ್ಳೆಯವನು, ಕ್ಷಮಿಸ್ತಾನೆ." ಹೌದು, ಕ್ಷಮಿಸ್ತಾನೆ. ಆದರೆ ಆ ಮಾತನ್ನ ಯಾವಾಗ ಹೇಳ್ತಿದ್ದೀಯ, ತಮ್ಮಾ? ಬಿದ್ದ ಮೇಲೆ ಅಳ್ತಾ ಹೇಳ್ತಿದ್ದೀಯಾ, ಅಥವಾ ಹೋಗೋದಕ್ಕೆ ಮುಂಚೆ ಶೂ ಹಾಕ್ಕೊಳ್ತಾ ಹೇಳ್ತಿದ್ದೀಯಾ?

ಪ್ರಸಂಗಿ 8ನೇ ಅಧ್ಯಾಯ 11ನೇ ವಚನದಲ್ಲಿ ಇದರ ಗುಟ್ಟು ಇದೆ. ತೀರ್ಪು ಕೂಡಲೇ ಜಾರಿಗೆ ಬರದೇ ಇರೋದ್ರಿಂದ ಮನುಷ್ಯರ ಹೃದಯ ಕೆಟ್ಟದ್ದನ್ನ ಮಾಡೋಕೆ ಧೈರ್ಯ ತಂದ್ಕೊಳ್ಳುತ್ತೆ ಅನ್ನೋದೇ ಅಲ್ಲಿನ ಅರ್ಥ. ರೋಮಾಪುರದವರಿಗೆ 2ನೇ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾನೆ. ದೇವರು ಇಷ್ಟು ದಿನ ಸುಮ್ಮನಿರೋದು ನೀನು ತಿರುಗಿಕೊಳ್ಳಲಿ ಅಂತ. ನೀನು ತಿರುಗದೇ ಹೋದರೆ, ಆ ದಿನಗಳಲ್ಲಿ ನಿನಗಾಗಿ ಕೋಪವನ್ನ ಕೂಡಿಸಿಟ್ಟುಕೊಳ್ತಾ ಇದ್ದೀಯ ಅಂತಾನೆ. ಕೂಡಿಸಿಡೋದು! ಬ್ಯಾಂಕಿನಲ್ಲಿ ಆರ್.ಡಿ. ಕಟ್ಟೋ ಹಾಗೆ ತಿಂಗಳು ತಿಂಗಳು. ದೇವರ ತಾಳ್ಮೆಯನ್ನ ನಾವು ದೇವರ ಒಪ್ಪಿಗೆ ಅಂದ್ಕೊಂಡಿದ್ದೀವಿ.

ಈಗ 26ನೇ ವಚನದ ಒಂದು ಪದವನ್ನ ನೋಡೋಣ. "ಬೇಕೆಂದು". ಮೂಲ ಗ್ರೀಕಿನಲ್ಲಿ "ಹೆಕೂಸಿಯೋಸ್" ಅಂತ ಇದೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಎರಡೇ ಕಡೆ ಬರುತ್ತೆ. ಒಂದು ಇಲ್ಲಿ. ಇನ್ನೊಂದು 1 ಪೇತ್ರ 5:2ರಲ್ಲಿ, ಸಭೆಯ ಹಿರಿಯರು ಬಲವಂತದಿಂದಲ್ಲ, ಇಷ್ಟಪೂರ್ವಕವಾಗಿ ಮಂದೆಯನ್ನ ಕಾಯಬೇಕು ಅನ್ನೋ ಕಡೆ. ಅಂದ್ರೆ ಯಾವ ಮನಸ್ಸಿನಿಂದ ನಾವು ಸೇವೆ ಮಾಡಬೇಕೋ, ಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಅದೇ ಮನಸ್ಸಿನಿಂದ ಒಬ್ಬನು ಪಾಪ ಮಾಡ್ತಿದ್ದಾನೆ. ಗ್ರೀಕಿನಲ್ಲಿ ಆ ಕ್ರಿಯಾಪದವೂ ಒಂದು ಸಲ ಮಾಡಿ ಮುಗಿಸಿದ್ದನ್ನಲ್ಲ, ಮಾಡ್ತಾನೇ ಇರೋದನ್ನ ಹೇಳುತ್ತೆ.

ಈ ಪತ್ರ ಬರೆದವರ ಮನಸ್ಸಿನಲ್ಲಿ ಮೋಶೆಯ ಧರ್ಮಶಾಸ್ತ್ರ ಇದೆ. ಅರಣ್ಯಕಾಂಡ 15ನೇ ಅಧ್ಯಾಯ ಮನೆಗೆ ಹೋಗಿ ಓದಿ. ಅಲ್ಲಿ ಎರಡು ತರಹದ ಪಾಪ ಇದೆ. ತಿಳಿಯದೆ ಮಾಡಿದ ಪಾಪಕ್ಕೆ ಆಡನ್ನ ತಂದು ಯಜ್ಞ ಮಾಡಬೇಕು, ಕ್ಷಮಾಪಣೆ ಉಂಟು. ಎರಡನೆಯದಕ್ಕೆ ಯಜ್ಞವೇ ಹೇಳಿಲ್ಲ. ಆ ಪಾಪಕ್ಕೆ ಇಬ್ರಿಯ ಭಾಷೆಯಲ್ಲಿ ಇರೋ ಮಾತು ಏನು ಗೊತ್ತಾ? "ಎತ್ತಿದ ಕೈಯಿಂದ" ಮಾಡಿದ ಪಾಪ. ದೇವರ ಮುಖದ ಮುಂದೆ ಕೈ ಎತ್ತಿ, "ನೀನು ಹೇಳಿದ್ದು ನನಗೆ ಗೊತ್ತು, ಆದರೂ ಮಾಡ್ತೀನಿ" ಅನ್ನೋದು.

ನಾವು ಪೆಂಟೆಕೋಸ್ಟಲ್ ಸಭೆಯವರು. ಕೈ ಎತ್ತಿ ಆರಾಧಿಸೋರು. ಈಗ ಅರ್ಧ ಗಂಟೆ ಹಿಂದೆ ಈ ಹಾಲ್‌ನಲ್ಲಿ ಎಷ್ಟು ಕೈಗಳು ಮೇಲಿದ್ವು! ನಾನು ಕೇಳೋದು ಒಂದೇ ಪ್ರಶ್ನೆ. ಭಾನುವಾರ ಶರಣಾಗತಿಯಲ್ಲಿ ಎತ್ತಿದ ಕೈ, ಗುರುವಾರ ಯಾವುದಕ್ಕೆ ಎತ್ತುತ್ತೆ?

ಕಳೆದ ವರ್ಷ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಹೆಸರು ಹೇಳೋದಿಲ್ಲ, ಅವನ ಅನುಮತಿ ಕೇಳಿಯೇ ಇದನ್ನ ಹೇಳ್ತಾ ಇದ್ದೀನಿ. ಬಿ.ಇ. ಮುಗಿಸಿ ಎರಡು ವರ್ಷ ಆಗಿತ್ತು, ಕೆಲಸ ಇಲ್ಲ. ಅಪ್ಪ ರಿಟೈರ್ ಆಗೋ ಹೊತ್ತು. "ಅಯ್ಯನವರೇ, ಸೋಮವಾರ ಇಂಟರ್‌ವ್ಯೂ ಇದೆ, ಪ್ರಾರ್ಥನೆ ಮಾಡಿ" ಅಂದ. ಸಂತೋಷ ಅಂದೆ. ಮಾತಾಡ್ತಾ ಆಡ್ತಾ ಗೊತ್ತಾಯ್ತು, ಎರಡು ವರ್ಷದ ಅನುಭವ ಇದೆ ಅಂತ ದುಡ್ಡು ಕೊಟ್ಟು ಒಂದು ಸುಳ್ಳು ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಂಡಿದ್ದಾನೆ. "ತಪ್ಪು ಅಂತ ಗೊತ್ತು ಅಯ್ಯನವರೇ. ಕೆಲಸ ಸಿಕ್ಕಿದ ಮೇಲೆ ಉಪವಾಸ ಇದ್ದು ಅರಿಕೆ ಮಾಡ್ತೀನಿ. ಮೊದಲನೇ ಸಂಬಳ ಪೂರ್ತಿ ದೇವರಿಗೆ ಕೊಡ್ತೀನಿ. ಸಭೆಯಲ್ಲಿ ಸಾಕ್ಷಿನೂ ಹೇಳ್ತೀನಿ" ಅಂದ.

ನೋಡಿ, ಅವನು ಕೆಟ್ಟ ಹುಡುಗ ಅಲ್ಲ. ಮನೆಯ ಕಷ್ಟ ಅವನ ಕುತ್ತಿಗೆ ಹಿಡಿದಿತ್ತು. ಆದರೆ ಅವನು ಹಾಕಿದ ಪ್ಲಾನ್ ನೋಡಿ. ಪಾಪಕ್ಕೆ ತಾರೀಖು ಇದೆ, ಪಶ್ಚಾತ್ತಾಪಕ್ಕೂ ತಾರೀಖು ಇದೆ, ಕಾಣಿಕೆ ಇದೆ, ಸಾಕ್ಷಿನೂ ಸಿದ್ಧವಾಗಿದೆ. ಸುಳ್ಳಿನಿಂದ ಬಂದ ಕೆಲಸಕ್ಕೆ "ಕರ್ತನು ಕೊಟ್ಟನು" ಅಂತ ಮೈಕ್ ಹಿಡಿದು ಹೇಳೋದು! ಅಲ್ಲಿ ದೇವರ ಹೆಸರನ್ನೂ ಆ ಸುಳ್ಳು ಲೆಟರ್‌ಗೆ ಸೀಲ್ ತರಹ ಒತ್ತಿದ ಹಾಗಾಯ್ತು.

ನಾನು ಆ ಪ್ರಾರ್ಥನೆ ಮಾಡಲಿಲ್ಲ. "ತಮ್ಮಾ, ಪಶ್ಚಾತ್ತಾಪ ಅನ್ನೋದು ನಿನ್ನ ಜೇಬಿನಲ್ಲಿರೋ ಕೂಪನ್ ಅಲ್ಲ, ಬೇಕಾದಾಗ ತೆಗೆಯೋಕೆ. ಅದು ಪವಿತ್ರಾತ್ಮನು ಕೊಡೋ ವರ. ಇವತ್ತು ಅವನ ಮಾತನ್ನ ಬೇಕೆಂದೇ ತಳ್ಳಿದವನಿಗೆ, ಮೂರು ತಿಂಗಳಾದ ಮೇಲೆ ಪಶ್ಚಾತ್ತಾಪ ಪಡೋ ಮನಸ್ಸು ಇದ್ದೇ ಇರುತ್ತೆ ಅಂತ ಯಾರು ಹೇಳಿದ್ರು?" ಅಂತ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಸೋಮವಾರ ಇಂಟರ್‌ವ್ಯೂಗೆ ಹೋಗಲಿಲ್ಲ.

ಈಗ ನೀವು ಕಾಯ್ತಾ ಇದ್ದೀರ, ಮಂಗಳವಾರ ಅದಕ್ಕಿಂತ ದೊಡ್ಡ ಕಂಪನಿಯಿಂದ ಫೋನ್ ಬಂತು ಅಂತ ನಾನು ಹೇಳ್ತೀನಿ ಅಂತ. ಬರಲಿಲ್ಲ. ಇವತ್ತಿಗೂ ಅವನು ಓದಿಗೆ ತಕ್ಕ ಕೆಲಸ ಹುಡುಕ್ತಾನೇ ಇದ್ದಾನೆ. ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳ್ತಾನೆ. ಆದರೆ ರಾತ್ರಿ ನಿದ್ದೆ ಬರುತ್ತೆ ಅಯ್ಯನವರೇ ಅಂತಾನೆ. ಇಲ್ಲಿ ಕೂತಿರೋ ಹಿರಿಯರಿಗೆ ಒಂದು ಮಾತು: ಸತ್ಯಕ್ಕೋಸ್ಕರ ಖಾಲಿ ಕೈಯಲ್ಲಿ ನಿಂತಿರೋ ಮಗನನ್ನ ನಾವು ಬರೀ ಹೊಗಳಿದರೆ ಸಾಲದು. ನಿಮ್ಮ ಆಫೀಸಿನಲ್ಲಿ ಜಾಗ ಖಾಲಿ ಇದ್ದರೆ ತಿಳಿಸಿ. ಅಂಥವನ ಮನೆಯ ಅಕ್ಕಿ ಡಬ್ಬಿಯೂ ಸಭೆಯ ಜವಾಬ್ದಾರಿ.

ಸರಿ, 26ನೇ ವಚನಕ್ಕೆ ವಾಪಸ್ ಬರೋಣ. ಇನ್ನೊಂದು ಯಜ್ಞ ಯಾಕಿಲ್ಲ? ದೇವರು ಬೇಸತ್ತು ಬಾಗಿಲು ಹಾಕ್ಕೊಂಡ ಅಂತ ಅಲ್ಲ. ಇರೋದೇ ಒಂದು ಯಜ್ಞ, ಅದಕ್ಕೆ. 500ರ ದಂಡವನ್ನ ಸರ್ಕಾರ 250ಕ್ಕೆ ಇಳಿಸಿದರೆ, ಉಳಿದ 250 ಯಾರೂ ಕಟ್ಟೋದಿಲ್ಲ. ಅದು ಹಾಗೇ ಮಾಫಿ ಆಗುತ್ತೆ. ಕಲ್ವಾರಿಯಲ್ಲಿ ಹಾಗಾಗಲಿಲ್ಲ. ದೇವರು ನನ್ನ ಪಾಪದ ದಂಡದಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಪೂರ್ತಿ ದಂಡವನ್ನ, ಪೈಸೆ ಬಿಡದೆ, ತನ್ನ ಒಬ್ಬನೇ ಮಗನ ರಕ್ತದಲ್ಲಿ ತಾನೇ ಕಟ್ಟಿದನು. ನಮಗೆ ಉಚಿತ, ಆತನಿಗೆ ಉಚಿತ ಅಲ್ಲ. ಹಲ್ಲೆಲೂಯಾ! ಹಾಗಾಗಿ ಕೃಪೆಯನ್ನ ರಿಯಾಯಿತಿ ಅಂತ ಕರೆಯಬೇಡಿ.

ಆ ಒಂದೇ ಯಜ್ಞವನ್ನ ಬಿಟ್ಟು ನಡೆದವನು ಇನ್ನೆಲ್ಲಿ ಹೋಗ್ತಾನೆ? 29ನೇ ವಚನದಲ್ಲಿ ಮೂರು ಮಾತಿದೆ. ಅವನು ದೇವಕುಮಾರನನ್ನ ಕಾಲಿನಿಂದ ತುಳಿದಿದ್ದಾನೆ. ತನ್ನನ್ನ ಶುದ್ಧ ಮಾಡಿದ ಒಡಂಬಡಿಕೆಯ ರಕ್ತವನ್ನ ಸಾಧಾರಣವಾದದ್ದು ಅಂತ ಎಣಿಸಿದ್ದಾನೆ. ಕೃಪೆಯ ಆತ್ಮನನ್ನ ಅವಮಾನ ಮಾಡಿದ್ದಾನೆ. ಮೂರನೆಯದನ್ನ ನಾವು ವಿಶೇಷವಾಗಿ ಕೇಳಿಸ್ಕೋಬೇಕು. ನಾವು ಆತ್ಮನ ಅಭಿಷೇಕ ಕೇಳೋ ಜನ, ಅನ್ಯಭಾಷೆಯಲ್ಲಿ ಪ್ರಾರ್ಥಿಸೋ ಜನ. ನಾಲಿಗೆಯ ಮೇಲೆ ಆತ್ಮನ ವರ ಇಟ್ಕೊಂಡು, ಮೊಬೈಲ್‌ನಲ್ಲಿ ಆತ್ಮನಿಗೆ ಅವಮಾನ ಇಟ್ಕೊಳ್ಳೋದು ಸಾಧ್ಯ. ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನ ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕಾನೂನು ಆ್ಯಪ್ ಮುಚ್ಚಬಹುದು. ಬೇರೆ ದಾರಿ ಹುಡುಕೋ ಹೃದಯವನ್ನ ಯಾವ ಕಾನೂನೂ ಮುಚ್ಚೋದಿಲ್ಲ.

ಇನ್ನೊಂದು ವಿಷಯ. 26ನೇ ವಚನದ ಹಿಂದೆ 25 ಇದೆ. ಅಲ್ಲಿ ಸಭೆಯಾಗಿ ಕೂಡೋದನ್ನ ಬಿಟ್ಟುಬಿಡಬೇಡಿ ಅನ್ನೋ ಬುದ್ಧಿವಾದ ಇದೆ. ಈ ಪತ್ರ ಯಾರಿಗೆ ಬಂತೋ ಅವರು ಕ್ರಿಸ್ತನಿಗೋಸ್ಕರ ನಿಂದೆ ತಿಂದವರು, ಆಸ್ತಿ ಕಳ್ಕೊಂಡವರು. 32ರಿಂದ 34ನೇ ವಚನ ಓದಿ. ಅಂಥವರೇ ದಣಿದು ಹಿಂದಕ್ಕೆ ಸರೀತಾ ಇದ್ದರು. ಯಾರೂ ಒಂದೇ ದಿನದಲ್ಲಿ ಕ್ರಿಸ್ತನನ್ನ ತುಳಿಯೋದಿಲ್ಲ. ಮೊದಲು ಒಂದು ಭಾನುವಾರ ತಪ್ಪುತ್ತೆ. ಆಮೇಲೆ ಪ್ರಾರ್ಥನೆ ಕಷ್ಟ ಆಗುತ್ತೆ. ಆಮೇಲೆ ಬುದ್ಧಿ ಹೇಳೋರು ವೈರಿಗಳ ಹಾಗೆ ಕಾಣ್ತಾರೆ. ಆಮೇಲೆ ಪಾಪ ಅನ್ನೋ ಪದಾನೇ ಹಳೇ ಕಾಲದ್ದು ಅನ್ಸುತ್ತೆ.

ಈಗ ನಾನು ಇನ್ನೊಬ್ಬರ ಹತ್ತಿರ ಮಾತಾಡಬೇಕು. ಈ ಸಂದೇಶ ಕೇಳ್ತಾ ಎದೆ ಹಿಡ್ಕೊಂಡು ಕೂತಿರೋ ತಂಗಿ, ನಿನ್ನ ಹತ್ತಿರ. "ಅಯ್ಯನವರೇ, ನಾನು ಗೊತ್ತಿದ್ದೇ ಮಾಡಿದೆ. ನನಗಿನ್ನು ಕ್ಷಮೆ ಇಲ್ವಾ?" ಅಂತ ನಿನ್ನ ಒಳಗೆ ಕೇಳ್ತಾ ಇದೆ. ಸೈತಾನನಿಗೆ ಈ ವಾಕ್ಯ ಬಾಯಿಪಾಠ ಇದೆ. ಧೈರ್ಯವಾಗಿ ಪಾಪ ಮಾಡೋನಿಗೆ ಅವನು ಇದನ್ನ ಮರೆಸ್ತಾನೆ, ಮುರಿದು ಅಳ್ತಾ ಇರೋಳಿಗೆ ಇದನ್ನೇ ನೆನಪಿಸ್ತಾನೆ.

ದಾವೀದನನ್ನ ನೋಡು. 2 ಸಮುವೇಲ 11. ಬತ್ಷೆಬೆಯ ವಿಷಯದಲ್ಲಿ ಅವನು ತಿಳಿಯದೆ ಮಾಡಿದ್ದು ಒಂದೂ ಇಲ್ಲ. ಅವಳು ಯಾರ ಹೆಂಡತಿ ಅಂತ ಹೇಳಿದ್ರು, ಆದರೂ ಕರೆಸಿದ. ಊರೀಯನನ್ನ ಕೊಲ್ಲಿಸೋ ಪತ್ರವನ್ನ ಊರೀಯನ ಕೈಯಲ್ಲೇ ಕಳಿಸಿದ. ಎತ್ತಿದ ಕೈಯ ಪಾಪ ಅಂದ್ರೆ ಇದೇ. ನಾತಾನನು ಬರೋ ಹೊತ್ತಿಗೆ ಮಗು ಹುಟ್ಟಿತ್ತು. ಅಷ್ಟು ತಿಂಗಳು ಅರಮನೆಯಲ್ಲಿ ಎಲ್ಲ ಸರಿಯಾಗೇ ಇದ್ದ ಹಾಗೆ ನಡೀತು. ಆದರೆ ಒಳಗೆ ಏನಾಗ್ತಿತ್ತು ಅನ್ನೋದನ್ನ 32ನೇ ಕೀರ್ತನೆಯಲ್ಲಿ ಓದಿ: ಬಾಯಿ ಮುಚ್ಚಿಕೊಂಡಷ್ಟು ದಿನ ಎಲುಬುಗಳು ಸವೆದವು, ದೇವರ ಕೈ ಹಗಲೂ ರಾತ್ರಿ ಅವನ ಮೇಲೆ ಭಾರವಾಗಿತ್ತು. ನಾತಾನನು ಬೆರಳು ತೋರಿಸಿದಾಗ ರಾಜನು ಕಾರಣ ಕೊಡಲಿಲ್ಲ, ಬತ್ಷೆಬೆಯ ಮೇಲೆ ಹಾಕಲಿಲ್ಲ, ನಾಳೆ ಅನ್ನಲಿಲ್ಲ. ಪಾಪ ಮಾಡಿದ್ದೇನೆ ಅಂತ ಒಪ್ಪಿಕೊಂಡ. ಅದೇ ನಿಂತ ನಿಲುವಿನಲ್ಲಿ ಕ್ಷಮೆಯ ಮಾತು ಬಂತು. ಎತ್ತಿದ ಕೈ ಕೆಳಗೆ ಇಳೀತು, ಅಷ್ಟೇ.

ಆದ್ದರಿಂದ ನಿನ್ನೊಳಗೆ ಭಯ ಇದ್ದರೆ, ಕಣ್ಣೀರು ಇದ್ದರೆ, ವಾಪಸ್ ಬರಬೇಕು ಅನ್ನೋ ಆಸೆ ಇದ್ದರೆ, ಅದು ನೀನಾಗಿ ಹುಟ್ಟಿಸಿದ್ದಲ್ಲ ತಂಗಿ. ಕೃಪೆಯ ಆತ್ಮನು ಇನ್ನೂ ನಿನ್ನ ಹತ್ತಿರ ಮಾತಾಡ್ತಿದ್ದಾನೆ. ನನಗೆ ಚಿಂತೆ ಇರೋದು ಅಳ್ತಾ ಇರೋರ ಬಗ್ಗೆ ಅಲ್ಲ. ಈ ವಾಕ್ಯ ಕೇಳಿಯೂ ಏನೂ ಅನ್ನಿಸದೆ ರೀಲ್ಸ್ ನೋಡ್ತಾ ಇರೋರ ಬಗ್ಗೆ.

ಆದರೆ ಇದನ್ನೂ ಹೇಳಬೇಕು. ದಾವೀದನಿಗೆ ಕ್ಷಮೆ ಸಿಕ್ಕಿತು, ಊರೀಯ ಎದ್ದು ಬರಲಿಲ್ಲ. ಮನೆಯಿಂದ ಕತ್ತಿ ಹೋಗಲಿಲ್ಲ. ಕ್ಷಮಾಪಣೆ ಅಂದ್ರೆ ಮಾಡಿದ್ದರ ಪರಿಣಾಮವೆಲ್ಲ ಅಳಿಸಿಹೋಗೋದಲ್ಲ. ಜಕ್ಕಾಯನು ರಕ್ಷಣೆ ಬಂದ ದಿನವೇ, ಮೋಸದಿಂದ ತಗೊಂಡಿದ್ದನ್ನ ನಾಲ್ಕು ಪಟ್ಟು ವಾಪಸ್ ಕೊಡ್ತೀನಿ ಅಂದ. ನೀನೂ ಇವತ್ತು ದೇವರ ಹತ್ತಿರ ಅರಿಕೆ ಮಾಡಿದ ಮೇಲೆ, ಒಂದು ಕೆಲಸ ಮಾಡು. ಯಾರ ದುಡ್ಡು ನಿನ್ನ ಹತ್ತಿರ ಇದೆಯೋ ಕೊಡು. ಯಾರಿಗೆ ಸುಳ್ಳು ಹೇಳಿದ್ದೀಯೋ ಅವರಿಗೆ ಫೋನ್ ಮಾಡು. ಯಾವ ನಂಬರ್ ಇರಬಾರದೋ ಅದನ್ನ ಇಲ್ಲೇ, ಕೂತ ಜಾಗದಲ್ಲೇ ತೆಗೆದುಹಾಕು. ನಂಬಿಕೆಯ ಒಬ್ಬ ಅಣ್ಣನಿಗೋ ಅಕ್ಕನಿಗೋ ಹೇಳು, ಒಬ್ಬನೇ ಹೋರಾಡಬೇಡ.

ಕೊನೆಗೆ 31ನೇ ವಚನ. ಜೀವವುಳ್ಳ ದೇವರ ಕೈಯಲ್ಲಿ ಸಿಕ್ಕಿಬೀಳೋದು ಭಯಂಕರ ಅಂತ ಇದೆ. ಆದರೆ ಇದೇ ದಾವೀದನು 2 ಸಮುವೇಲ 24ರಲ್ಲಿ, ಮೂರು ಶಿಕ್ಷೆಗಳಲ್ಲಿ ಒಂದನ್ನ ಆರಿಸಿಕೋ ಅಂದಾಗ, ಮನುಷ್ಯರ ಕೈಗೆ ಬೀಳೋದಕ್ಕಿಂತ ಯೆಹೋವನ ಕೈಗೆ ಬೀಳೋದೇ ಮೇಲು, ಆತನ ಕನಿಕರ ದೊಡ್ಡದು ಅಂತಾನೆ. ಒಂದು ಕಡೆ ಭಯಂಕರ, ಇನ್ನೊಂದು ಕಡೆ ಆಶ್ರಯ. ಕೈ ಎರಡಲ್ಲ, ಒಂದೇ. ಓಡ್ತಾ ಓಡ್ತಾ ಸಿಕ್ಕಿಬೀಳೋನಿಗೆ ಅದು ನ್ಯಾಯಾಧಿಪತಿಯ ಕೈ. ತಾನಾಗಿ ಬಂದು ಬೀಳೋನಿಗೆ ಅದು ಮೊಳೆಯ ಗಾಯ ಇರೋ ಕೈ.

ಯಾವಾಗ ಬರಬೇಕು? ನಮ್ಮ ಒಂಟಿಕೊಪ್ಪಲ್ ಹೆಸರು ಕರ್ನಾಟಕದ ಮನೆಮನೆಗೂ ಗೊತ್ತಿರೋದು ಪಂಚಾಂಗದಿಂದ. ಒಳ್ಳೇ ಕೆಲಸಕ್ಕೆ ಒಳ್ಳೇ ಗಳಿಗೆ ನೋಡೋದು ನಮ್ಮ ಸುತ್ತಲಿನ ಜನರ ರೂಢಿ. ಇಬ್ರಿಯರ ಪತ್ರದ 3 ಮತ್ತು 4ನೇ ಅಧ್ಯಾಯ ನೋಡಿದರೆ, ದೇವರ ಕಡೆಗೆ ತಿರುಗೋಕೆ ಅಲ್ಲಿ ಒಂದೇ ಗಳಿಗೆ ಬರೆದಿದೆ, ಮತ್ತೆ ಮತ್ತೆ ಬರೆದಿದೆ: ಈಹೊತ್ತು. ಮುಂದಿನ ರಿಯಾಯಿತಿ ಯಾವಾಗ ಅಂತ ಕಾಯಬೇಡ. ನಿನಗಾಗಿ ಪೂರ್ತಿ ಕಟ್ಟಿ ಆಗಿದೆ.

ಎದ್ದು ನಿಲ್ಲೋಣ. ಇವತ್ತು ಕೈ ಎತ್ತೋದಕ್ಕೆ ಮುಂಚೆ ಒಂದು ಕ್ಷಣ ಕೈ ಕೆಳಗಿರಲಿ, ಖಾಲಿಯಾಗಿ, ತೆರೆದ ಹಾಗೆ.

ಕರ್ತನೇ, ನಿನ್ನ ತಾಳ್ಮೆಯನ್ನ ನಾವು ಹಗುರವಾಗಿ ಎಣಿಸದ ಹಾಗೆ ಮಾಡು. ಬೇಕೆಂದೇ ಮಾಡೋ ಪಾಪದಿಂದ ಈ ಮಕ್ಕಳನ್ನ ತಡೆದು ಕಾಯಿ. ದೂರ ಹೋದವರನ್ನ ಈಹೊತ್ತೇ ಕರೆ. ಸತ್ಯಕ್ಕಾಗಿ ನಷ್ಟ ಅನುಭವಿಸ್ತಿರೋರ ಜೊತೆ ನಿಲ್ಲು, ನಮ್ಮನ್ನೂ ಅವರ ಜೊತೆ ನಿಲ್ಲಿಸು. ನಿನ್ನ ಮಗನ ರಕ್ತ ನಮಗೆ ಎಂದಿಗೂ ಸಾಧಾರಣ ಆಗದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.